ಸೂಲಗಿತ್ತಿ ಮಾಳವ್ವನ ನಲವತ್ತು ಗಂಟು

ಬಹಳ ಕಾಲದ ಹಿಂದೆ, ಕುರಿ ಕಾಯುವವರ ಒಂದು ಹಟ್ಟಿಯಲ್ಲಿ, ಎಲ್ಲ ದಿನಗಳಂಥದೇ ಒಂದು ದಿನ ಬೆಳಗಾಯಿತು. ಹೆಂಗಸರು ಉಣ್ಣೆ ಹಿಂಜುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಂಬಳಿ ಅರ್ಧಕ್ಕೆ ನಿಂತಿತ್ತು. ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿ ಒಲೆಯ ಮೇಲೆ ಕುದಿಯುತ್ತಿತ್ತು. ಆ ದಿನ ಸೂಲಗಿತ್ತಿ ಮಾಳವ್ವ ತನ್ನ ಸ್ವಂತ ಮಗಳು ಹೊನ್ನವ್ವನ ಹೆರಿಗೆ ಮಾಡಿಸಿದಳು. ಗಂಡು ಕೂಸು. ಅಂಗೈಯಷ್ಟಿತ್ತು, ಬೆಕ್ಕಿನ ಮರಿಯ ಹಾಗೆ ದನಿ ಮಾಡಿತು ಎನ್ನುತ್ತಾರೆ. ಮಾಳವ್ವ ಬೆರಳು ಮಡಚಿ ತಿಂಗಳು ಎಣಿಸಿದಳು. ಎಂಟು. ಎಣಿಸಿ, ಕೂಸನ್ನು ಮೊರದಲ್ಲಿ ಮಲಗಿಸಿ, ಬಾಗಿಲ ಹತ್ತಿರ ಇಟ್ಟಳು.

ಅದು ಆ ಕಾಲದ ಪದ್ಧತಿ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಜನ ನಂಬಿದ್ದರು. ಏಳರ ಕೂಸಿಗೆ ಮೊಲೆಹಾಲು ಕೊಡುತ್ತಿದ್ದರು. ಎಂಟರದಕ್ಕೆ ಕೊಡುತ್ತಿರಲಿಲ್ಲ. ಒಮ್ಮೆ ಹಾಲು ಕುಡಿಸಿದರೆ ತಾಯಿಗೆ ಆಸೆ ಹುಟ್ಟುತ್ತದೆ, ಆಮೇಲೆ ಅವಳ ದುಃಖ ಎರಡು ಪಾಲಾಗುತ್ತದೆ ಎನ್ನುತ್ತಿದ್ದರು. ಅದನ್ನು ಕ್ರೌರ್ಯವೆಂದು ಯಾರೂ ತಿಳಿದಿರಲಿಲ್ಲ. ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಮುಟ್ಟಿಸುತ್ತಿದ್ದರು, ಅಷ್ಟೆ.

ಹೊನ್ನವ್ವನಿಗೆ ಎರಡು ದಿನ ಜ್ವರ. ಮೈಮೇಲೆ ಪ್ರಜ್ಞೆ ಇರಲಿಲ್ಲ. ಆ ಎರಡು ದಿನವೂ ಕೂಸು ಮೊರದಲ್ಲಿ ಉಸಿರಾಡುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಜ್ವರ ಇಳಿದು ಹೊನ್ನವ್ವ ಕೂಸು ಎಲ್ಲಿ ಎಂದು ಕೇಳಿದಳು. ಎಂಟರದು ತಾಯಿ, ಆಸೆ ಬಿಡು ಎಂದು ಮಾಳವ್ವ ಸಮಾಧಾನ ಹೇಳಿದಳು. ಹೊನ್ನವ್ವ ಕೈ ಊರಿ ಎದ್ದು ಕುಳಿತಳು. ಆಮೇಲೆ ಹೇಳಿದಳು:

"ಅವ್ರು ಮಂದಿ ಸಂಗಾಟ ಬರ್ಲಿಲ್ಲಲ್ಲ ಯವ್ವಾ. ಕುಂಟ ಕುರಿ ಹಿಡ್ಕೊಂಡು ಹಿಂದ ಉಳದಿದ್ರು. ಒಂದು ಹುಣ್ಣಿವಿ ಕಳದು ಬಂದ್ರು."

ಇದನ್ನು ಬಿಡಿಸಿ ಹೇಳಬೇಕು. ಆ ಹಟ್ಟಿಯ ಗಂಡಸರು ವರ್ಷದಲ್ಲಿ ಅರ್ಧ ಕಾಲ ಕುರಿಗಳ ಹಿಂದೆ ಪರಸ್ಥಳದಲ್ಲಿರುತ್ತಿದ್ದರು. ಕುರಿಮಂದೆ ಊರಿಗೆ ಮರಳಿದ ದಿನದಿಂದಲೇ ಎಲ್ಲ ಬಸುರಿಯರ ತಿಂಗಳು ಎಣಿಸುತ್ತಿದ್ದರು. ಹಟ್ಟಿಗೆಲ್ಲ ಒಂದೇ ಲೆಕ್ಕ. ಆ ವರ್ಷ ಹೊನ್ನವ್ವನ ಗಂಡ ಮೈಲಾರಿ ಮಂದೆಯ ಜೊತೆ ಬಂದಿರಲಿಲ್ಲ. ಮಾಳವ್ವ ಅದನ್ನು ಮರೆತಿದ್ದಳು. ಕೂಸು ಎಂಟರದಲ್ಲ, ಏಳರದು. ಅವರ ಪದ್ಧತಿಯ ಪ್ರಕಾರವೇ ಅದಕ್ಕೆ ಹಾಲು ಸಲ್ಲಬೇಕಾಗಿತ್ತು.

ಮಾಳವ್ವ ಬಾಗಿಲಿಗೆ ಓಡಿದಳು. ಮೊರದಲ್ಲಿ ಕೂಸು ತಣ್ಣಗಾಗಿತ್ತು.

ಆ ದಿನದಿಂದ ಹೊನ್ನವ್ವ ತಾಯಿಯ ಜೊತೆ ಮಾತು ಬಿಟ್ಟಳು. ಬಾಣಂತಿತನವನ್ನೂ ಮುಗಿಸದೆ ಗಂಡನ ಮನೆಗೆ ಹೋದಳು. ಗಂಡನ ಮನೆ ಅದೇ ಹಟ್ಟಿಯಲ್ಲಿ, ಆರು ಬಾಗಿಲು ಆಚೆ. ಒಂಬತ್ತು ವರ್ಷ ಆ ಆರು ಬಾಗಿಲನ್ನು ಇಬ್ಬರೂ ದಾಟಲಿಲ್ಲ ಎನ್ನುತ್ತಾರೆ.

ಮಾಳವ್ವ ಆ ಒಂಬತ್ತು ವರ್ಷ ನಿದ್ದೆ ಮಾಡಲಿಲ್ಲ ಎಂದು ಹೇಳುವವರಿದ್ದಾರೆ. ಗೋಡೆಯಾಚೆಯ ಕೂಸಿನ ಎದೆಬಡಿತ ಅವಳಿಗೆ ಕೇಳುತ್ತಿತ್ತು ಎಂದೂ ಹೇಳುತ್ತಾರೆ. ಇವು ಬೆಳೆದ ಮಾತುಗಳು. ಅವಳು ಮಾಡಿದ್ದು ಇಷ್ಟು. ಅವಧಿಗೆ ಮೊದಲು ಹುಟ್ಟಿ ತನ್ನ ಕೈಗೆ ಬಂದ ಪ್ರತಿ ಕೂಸಿಗೂ ಒಂದು ಎಳೆ ಉಣ್ಣೆಯ ನೂಲು ತೆಗೆದಿಟ್ಟಳು. ಏಳರ ಕೂಸಿಗೆ ಬಿಳಿ ನೂಲು, ಎಂಟರ ಕೂಸಿಗೆ ಕರಿ ನೂಲು. ಕೂಸು ಬದುಕಿದ್ದ ಒಂದೊಂದು ದಿನಕ್ಕೂ ಒಂದೊಂದು ಗಂಟು. ನಲವತ್ತು ಗಂಟಾದರೆ ಸಾಕು, ಆ ಕೂಸು ಉಳಿಯಿತು. ಮೊದಲನೆಯ ನೂಲಿಗೆ ಎರಡು ಗಂಟಿದ್ದವು. ಅದು ಬಿಳಿಯದು.

ತಿಂಗಳಿನ ಲೆಕ್ಕವನ್ನೂ ಅವಳು ಬದಲಿಸಿದಳು. ಮಂದೆ ಯಾವತ್ತು ಬಂತು ಎಂದು ಯಾರನ್ನೂ ಕೇಳಲಿಲ್ಲ. ಒಬ್ಬೊಬ್ಬ ಬಸುರಿಯನ್ನೂ ಬೇರೆ ಕರೆದು, ನಿನ್ನ ಗಂಡ ಯಾವತ್ತು ಬಂದ ಎಂದು ಕೇಳುತ್ತಿದ್ದಳು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು. ಮುದುಕಿಗೆ ಈ ವಯಸ್ಸಿನಲ್ಲಿ ಇಂಥ ಸುದ್ದಿಯ ಚಟ ಹತ್ತಿದೆ ಎಂದು ಆಡಿಕೊಳ್ಳುತ್ತಿದ್ದರು. ಅವಳು ನಗುತ್ತಿರಲಿಲ್ಲ. ಉತ್ತರ ಸಿಗುವ ತನಕ ಏಳುತ್ತಲೂ ಇರಲಿಲ್ಲ.

ಕೂಸುಗಳನ್ನು ಅವಳು ಕುರಿಮರಿಗಳ ಹಾಗೆ ನೋಡಿಕೊಂಡಳು. ದಿನ ತುಂಬದೆ ಬಿದ್ದ ಮರಿಯನ್ನು ಕುರುಬ ತೊಳೆಯುವುದಿಲ್ಲ. ಕಂಬಳಿಯೊಳಗೆ, ತನ್ನ ಎದೆಗೆ ಹತ್ತಿಸಿ ಹೊತ್ತು ತಿರುಗುತ್ತಾನೆ. ತಾಯಿಯ ಹಾಲನ್ನು ಬತ್ತಿಯಿಂದ ಹನಿಹನಿಯಾಗಿ ಬಾಯಿಗೆ ಬಿಡುತ್ತಾನೆ. ಮರಿಗೆ ಆಗುವುದು ಮನುಷ್ಯರಿಗೆ ಯಾಕಾಗಬಾರದು ಎಂದು ಮಾಳವ್ವ ಕೇಳಿದಳು. ಹುಟ್ಟಿದ ಕೂಸಿಗೆ ಬಿಸಿನೀರು ಹುಯ್ಯುವುದನ್ನು ನಿಲ್ಲಿಸಿದಳು. ಬಾಣಂತಿಯ ಕೋಣೆಯಿಂದ ಹೊಗೆಯ ಕೆಂಡ ಹೊರಗಿಟ್ಟಳು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿದಳು. ತಾಯಿಗೆ ದಣಿವಾದರೆ ಅಜ್ಜಿಯ ಎದೆಗೆ, ಅಜ್ಜಿ ಇಲ್ಲದಿದ್ದರೆ ಅಪ್ಪನ ಎದೆಗೆ.

ಹಾಗೆ ಕೂಸು ಕಟ್ಟಿಕೊಂಡು ಕಟ್ಟೆಗೆ ಬಂದ ಗಂಡಸನ್ನು ಉಳಿದವರು ಬಿಡುತ್ತಿರಲಿಲ್ಲ. "ಹಾಲು ಇಳೀತೇನಲೇ ತಮ್ಮಾ?" ಎಂದು ಕೇಳುತ್ತಿದ್ದರು. ಅವನು ಕಂಬಳಿ ಸರಿಮಾಡಿಕೊಂಡು, ಮಲಗಿದೆ, ಮೆಲ್ಲಗೆ ಮಾತಾಡಿ ಎನ್ನುತ್ತಿದ್ದನಂತೆ.

ಎಂಟರ ಕೂಸುಗಳನ್ನು ಮಾತ್ರ ಎಲ್ಲರೂ ಅವಳಿಗೆ ಕೊಡುತ್ತಿರಲಿಲ್ಲ. ಮೊರದಲ್ಲಿ ಮಲಗಿಸಿದ್ದನ್ನು ಅವಳು ಬೇಡಿ ಎತ್ತಿಕೊಳ್ಳಬೇಕಾಗಿತ್ತು. ಎಷ್ಟೋ ಮನೆಯವರು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದ ಮನೆಯ ಕೂಸುಗಳಿಗೆ ಅವಳು ನೂಲು ತೆಗೆಯಲಿಲ್ಲ. ಹಾಲು ಕುಡಿಸದ ಕೂಸನ್ನು ಹಾಲು ಕುಡಿದ ಕೂಸಿನ ಜೊತೆ ಎಣಿಸಬಾರದು ಎನ್ನುತ್ತಿದ್ದಳಂತೆ. ತನ್ನ ಮೊದಲ ಮೊಮ್ಮಗನ ಎಳೆಯನ್ನು ಕೂಡ ಬೇರೆಯಾಗಿ, ತಾಳಿಯ ದಾರಕ್ಕೆ ಸುತ್ತಿಕೊಂಡಿದ್ದಳು.

ಎಂಟನೆಯ ವರ್ಷ ಅವಳು ನೂಲುಗಳನ್ನು ಹಟ್ಟಿಯ ಯಜಮಾನ ದೊಡ್ಡಸಿದ್ದಪ್ಪನ ಮುಂದೆ ಹರಡಿದಳು. ಬಿಳಿಯವು ಮೂವತ್ತೊಂದು. ಅವುಗಳಲ್ಲಿ ನಲವತ್ತು ಗಂಟು ತುಂಬಿದ್ದು ಹನ್ನೊಂದು. ಕರಿಯವು ಇಪ್ಪತ್ತೇಳು. ನಲವತ್ತು ತುಂಬಿದ್ದು ಹದಿನೆಂಟು. ಹಾಲು ಕೊಟ್ಟರೆ, ಶಾಖ ಕೊಟ್ಟರೆ, ಎಂಟರ ಕೂಸುಗಳೇ ಹೆಚ್ಚು ಉಳಿಯುತ್ತವೆ ಎಂದು ಅವಳು ಹೇಳಿದಳು. ಯಜಮಾನ ನೂಲುಗಳನ್ನು ಮುಟ್ಟಲಿಲ್ಲ. ಕುಡಿಸಬೇಡಿ ಎಂದವರು ಹಿರಿಯರು, ನೂಲನ್ನು ನಂಬಿ ಹಿರಿಯರ ಮಾತು ತೆಗೆಯಲಾಗದು ಎಂದ. ಅವಳಿಗೆ ಬೇಕಾದ ಹಾಗೆ ಅವಳು ಗಂಟು ಹಾಕಿರಬಹುದು ಎಂದೂ ಹೇಳಿದ.

ಮರುವರ್ಷ ಹೊನ್ನವ್ವ ಮತ್ತೆ ಬಸುರಿಯಾದಳು. ಈ ಸಲ ಅವಳೇ ಗೋಡೆಯ ಮೇಲೆ ಸುಣ್ಣದಲ್ಲಿ ಗೀರು ಹಾಕಿ ಎಣಿಸಿದಳು. ಎಂಟಕ್ಕೆ ಸರಿಯಾಗಿ ನೋವು ಬಂತು. ಹೆಣ್ಣು ಕೂಸು. ಅತ್ತೆ ಬೊಮ್ಮವ್ವ ಮೊರ ತಂದಳು. ಹೊನ್ನವ್ವ ಕೂಸನ್ನು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ನಮ್ಮವ್ವನನ್ನು ಕರೆಯಿರಿ ಎಂದಳು.

ಮಾಳವ್ವ ಆರು ಬಾಗಿಲು ದಾಟಿ ಬಂದಳು. ತಾಯಿ ಮಗಳು ಏನು ಮಾತಾಡಿದರು ಎಂಬುದು ಯಾರಿಗೂ ಗೊತ್ತಿಲ್ಲ. ಮಗಳು ಎದೆಯ ಸೆರಗು ಸರಿಸಿದಳು, ತಾಯಿ ಕೂಸನ್ನು ಕಟ್ಟಿದಳು ಎನ್ನುತ್ತಾರೆ.

ಹಟ್ಟಿಗೆ ಹಟ್ಟಿಯೇ ಆ ಮನೆಯ ಕಡೆ ನೋಡುತ್ತಿತ್ತು. ಈ ಕೂಸು ಉಳಿದರೆ ಮೊರದ ಪದ್ಧತಿ ಹೋಗುತ್ತದೆ, ಹೋದರೆ ಮಾಳವ್ವನ ಮಾತು ಹೋಗುತ್ತದೆ ಎಂದು ಜನ ತೀರ್ಮಾನಿಸಿದ್ದರು. ಮಾಳವ್ವ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಕೂಸು ಹಾಲಿನ ಬತ್ತಿ ಚೀಪಿತು. ಹನ್ನೆರಡನೆಯ ದಿನ ತಾನಾಗಿ ಮೊಲೆ ಹಿಡಿಯಿತು. ಬೊಮ್ಮವ್ವ ಕೂಡ ಒಂದು ಮಧ್ಯಾಹ್ನ ತನ್ನ ಎದೆಗೆ ಕಟ್ಟಿಸಿಕೊಂಡಳು. ಹದಿನೇಳನೆಯ ದಿನ ಕೂಸು ಹಾಲು ಕಕ್ಕಿತು. ಹೊಟ್ಟೆ ಉಬ್ಬಿತು. ಹತ್ತೊಂಬತ್ತನೆಯ ದಿನ ಹೊತ್ತು ಇಳಿಯುವ ಮೊದಲು ಹೊನ್ನವ್ವನ ಎದೆಯ ಮೇಲೆಯೇ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಮೈಲಾರಿ ಅತ್ತೆಯ ಬಳಿ ಕುಳಿತ. ಅವನೂ ಕೂಸು ಕಟ್ಟಿಕೊಂಡು ಕಟ್ಟೆಗೆ ಹೋಗಿದ್ದವನು.

"ಇದೊಂದು ನೂಲು ಬಿಟ್ಟುಬಿಡತ್ತಿ," ಎಂದ. "ಯಾರೂ ಎಣಿಸಿ ನೋಡಂಗಿಲ್ಲ."

ಉತ್ತರ ಕೊಟ್ಟವಳು ಹೊನ್ನವ್ವ.

"ಬಿಟ್ರ ಅಕಿ ಹುಟ್ಟೇ ಇಲ್ಲ ಅಂದಂಗಾಕ್ಕತಿ."

ಕರಿ ನೂಲಿನಲ್ಲಿ ಹದಿನೆಂಟು ಗಂಟಿದ್ದವು. ಹತ್ತೊಂಬತ್ತನೆಯದನ್ನು ಹೊನ್ನವ್ವ ಹಾಕಿದಳು.

ಯಜಮಾನ ಪಂಚಾಯ್ತಿ ಕರೆದ. ಮಾಳವ್ವ ಸೂಲಗಿತ್ತಿತನ ಬಿಡಬೇಕು ಎಂದು ಹೇಳಲು ಕರೆದದ್ದು. ಅವಳು ನೂಲುಗಳನ್ನು ಮತ್ತೆ ಹರಡಿದಳು. ಈ ಸಲ ಅವನು ಬಗ್ಗಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಎಣಿಸಿದ. ಬಿಸಿಲು ಕಟ್ಟೆಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಕರಿಯವು ಇಪ್ಪತ್ತೆಂಟು, ತುಂಬಿದ್ದು ಹದಿನೆಂಟು. ಕೊನೆಯ ಎಳೆ ಹಿಡಿದು, ಇದು ಯಾರದು ಎಂದು ಕೇಳಿದ. ನನ್ನ ಮೊಮ್ಮಗಳದು ಎಂದಳು. ಅವನು ಆ ಎಳೆಯನ್ನು ಉಳಿದವುಗಳ ಜೊತೆ ಇಟ್ಟ. ಆಮೇಲೆ, ಇದನ್ನು ಮುಚ್ಚಿಡದವಳು ಬೇರೆ ಯಾವುದನ್ನೂ ಮುಚ್ಚಿಟ್ಟಿರಲಾರಳು ಎಂದ. ಇನ್ನು ಮೇಲೆ ಯಾವ ಕೂಸನ್ನೂ ಮೊರದಲ್ಲಿ ಮಲಗಿಸಕೂಡದು ಎಂದ.

ಮಾಳವ್ವ ನೂರು ವರ್ಷ ಬದುಕಿದಳು ಎನ್ನುತ್ತಾರೆ. ಸಾವಿರ ಕೂಸು ಉಳಿಸಿದಳು ಎನ್ನುತ್ತಾರೆ. ನೂಲುಗಳಲ್ಲಿ ಅಷ್ಟು ಲೆಕ್ಕ ಸಿಗುವುದಿಲ್ಲ. ಅವಳ ನಂತರ ಆ ಕೆಲಸವನ್ನು ಹೊನ್ನವ್ವ ಮಾಡಿದಳು. ಹೊನ್ನವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ.

ಈಗ ಹೆರಿಗೆಗೆ ಎಲ್ಲರೂ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಆದರೂ ಆ ಹಟ್ಟಿಯವರು ಬಾಣಂತಿಯ ಮನೆಗೆ ಹೋದಾಗ ಎಷ್ಟು ತಿಂಗಳಿಗೆ ಹುಟ್ಟಿತು ಎಂದು ಕೇಳುವುದಿಲ್ಲ. ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾರೆ. ಅವಧಿಗೆ ಮೊದಲು ಹುಟ್ಟಿದ ಕೂಸಿಗೆ ಮನೆಯ ಹಿರಿಯರು ಒಂದು ಎಳೆ ನೂಲು ತೆಗೆದು, ದಿನಕ್ಕೊಂದು ಗಂಟು ಹಾಕುತ್ತಾರೆ. ಬಣ್ಣ ಯಾವುದಾದರೂ ಆದೀತು. ಉಳಿದರೂ, ಹೋದರೂ ಆ ನೂಲನ್ನು ಎಸೆಯುವುದಿಲ್ಲ.

ಹೋದ ಮಾಘದಲ್ಲಿ ಅದೇ ಹಟ್ಟಿಯ ನಮ್ಮ ಮನೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸು ಹನ್ನೊಂದು ದಿನ ಹಾಲು ಕುಡಿಯಿತು. ಅದರ ನೂಲು ನಮ್ಮಲ್ಲಿದೆ.