ಕೌದಿ ಹೊದ್ದ ಓವನ್

ಮಲಪ್ರಭೆಯ ದಂಡೆಯಲ್ಲಿ ಅಡವಯ್ಯ ಗುರುಗಳ ಆಶ್ರಮ. ಅಲ್ಲಿನ ಅಡುಗೆಮನೆ ಶಿಷ್ಯೆ ಸಂಗವ್ವನ ಪಾಲಿನದು.

ಸಂಗವ್ವ ಬಲು ಚುರುಕು. ಗುರುಗಳು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಅವಳ ಉತ್ತರ ಹೊರಬಿದ್ದಿರುತ್ತಿತ್ತು.

ಒಮ್ಮೆ ಭಕ್ತರೊಬ್ಬರು ಆಶ್ರಮಕ್ಕೆ ಕನ್ವೆಕ್ಷನ್ ಮೈಕ್ರೋವೇವ್ ಓವನ್ ತಂದುಕೊಟ್ಟರು. ಸಂಗವ್ವನಿಗೆ ಹಿಗ್ಗೋ ಹಿಗ್ಗು. ಧೂಳು ಕೂರಬಾರದೆಂದು ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಅದಕ್ಕೊಂದು ದಪ್ಪ ಕೌದಿ ಹೊಲಿದಳು. ಓಡಾಡುವವರ ಕೈ ತಾಗಬಾರದೆಂದು ಮೂಲೆಯ ಗೋಡೆಗೆ ಒತ್ತರಿಸಿ ಇಟ್ಟಳು.

ಆಶ್ರಮದ ಹಿರಿಯರಲ್ಲಿ ಒಬ್ಬರು ಈರಯ್ಯಜ್ಜ. ಬಾಯಲ್ಲಿ ಹುಣ್ಣೆದ್ದು, ರೊಟ್ಟಿ ಅಗಿಯಲಾರದೆ, ಬರೀ ಗಂಜಿಯ ಮೇಲೆ ದಿನ ತಳ್ಳುತ್ತಿದ್ದರು.

"ಮೆತ್ತಗಿನ ಬ್ರೆಡ್ಡು ಹಾಲಲ್ಲಿ ಅದ್ದಿ ತಿನ್ನಬೇಕು ಅನ್ನಿಸ್ತದವ್ವ" ಎಂದರು ಒಂದು ಬೆಳಿಗ್ಗೆ.

"ಸಂಜೆಯೊಳಗೆ ತಿಂತೀರಿ ಅಜ್ಜಾ" ಎಂದಳು ಸಂಗವ್ವ.

ಹಿಟ್ಟು ನಾದಿದಳು. ಅದು ಚೆನ್ನಾಗಿ ಉಬ್ಬಿ ಬಂತು. ಕೌದಿಯ ಮುಂದಿನ ಅಂಚನ್ನಷ್ಟೇ ಮೇಲಕ್ಕೆತ್ತಿ, ಓವನ್ ಬಾಗಿಲು ತೆರೆದು, ಹಿಟ್ಟನ್ನು ಒಳಗಿಟ್ಟು ಬಿಸಿಗಾಳಿಯ ಕನ್ವೆಕ್ಷನ್ ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತು ಗುಂಯ್ ಎಂದ ಓವನ್, ಬ್ರೆಡ್ಡಿನ ಮೈ ಕೆಂಪಾಗುವ ಮೊದಲೇ ನಿಂತುಬಿಟ್ಟಿತು.

ಕಾದಳು. ಮತ್ತೆ ಒತ್ತಿದಳು. ಈ ಸಲ ಇನ್ನೂ ಬೇಗ ನಿಂತಿತು. ಮೇಲೆ ಸಿಪ್ಪೆ ಕಟ್ಟಿ, ಒಳಗೆ ಹಸಿಯಾಗಿ ಉಳಿದ ಆ ಮುದ್ದೆ ದನದ ಪಾಲಾಯಿತು.

ಸಂಗವ್ವ ಪ್ಲಗ್ ಕಿತ್ತಳು. ಪಕ್ಕದ ಸ್ಕ್ರೂ ಕಾಣುವಷ್ಟು ಕೌದಿ ಸರಿಸಿ, ಸ್ಕ್ರೂಡ್ರೈವರ್ ಹಿಡಿದಳು.

ಅಷ್ಟರಲ್ಲಿ ಗುರುಗಳು ಒಳಗೆ ಬಂದರು.

"ಏನಾಯಿತು?"

"ಓವನ್ ಕೆಟ್ಟಿದೆ ಅಪ್ಪಾವರೇ. ಬಿಚ್ಚಿ ನೋಡ್ತೀನಿ."

"ಕೆಟ್ಟಿದೆಯೋ, ನಿಂತಿದೆಯೋ?"

"ಎರಡೂ ಒಂದೇ ಅಲ್ಲವಾ?"

ಗುರುಗಳು ಅವಳ ಕೈಯ ಸ್ಕ್ರೂಡ್ರೈವರಿನತ್ತ ನೋಡಿದರು. "ಬಿಚ್ಚಿದರೆ ಅಪಾಯವಿಲ್ಲವೇ?" ಎಂದು ಕೇಳಿದರು.

"ಪ್ಲಗ್ ಕಿತ್ತಿದ್ದೀನಲ್ಲ! ಈಗ ಇದು ಬರೀ ಡಬ್ಬಿ."

"ಇಲ್ಲಿ ಬಾ."

ಗುರುಗಳು ಅವಳನ್ನು ಕಟ್ಟಿಗೆಯ ಒಲೆಯ ಬಳಿಗೆ ಕರೆದೊಯ್ದರು. ಅಜ್ಜ ಹಸಿದು ಕೂತಿದ್ದಾರೆ, ಇವರು ನೋಡಿದರೆ ಒಲೆ ತೋರಿಸುತ್ತಿದ್ದಾರೆ ಎಂದು ಸಂಗವ್ವನಿಗೆ ಒಳಗೊಳಗೇ ಚಡಪಡಿಕೆ.

"ಈ ಒಲೆಯ ಕಟ್ಟಿಗೆ ಯಾವಾಗ ಎಳೆದೆ?"

"ಬೆಳಿಗ್ಗೆಯೇ. ಆರಿ ಎಷ್ಟೋ ಹೊತ್ತಾಯಿತು."

"ಬೂದಿಯ ಮೇಲೆ ಅಂಗೈ ಹಿಡಿ. ಮುಟ್ಟಬೇಡ."

ಹಿಡಿದಳು. ತಟ್ಟನೆ ಕೈ ಹಿಂದಕ್ಕೆ ಬಂತು.

ಗುರುಗಳು ಕಡ್ಡಿಯಿಂದ ಬೂದಿ ಕೆದಕಿದರು. ಅಡಿಯಲ್ಲಿ ಕೆಂಡ ಕಣ್ಣು ಬಿಟ್ಟಿತು.

ಸಂಗವ್ವ ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟಳು.

"ಅದರ ಬೆನ್ನು ನೋಡಿದ್ದೀಯಾ?" ಎಂದು ಕೇಳಿದರು ಗುರುಗಳು.

"ಇಲ್ಲ."

"ನೋಡೋಣ."

ಇಬ್ಬರೂ ಸೇರಿ ಓವನ್ನನ್ನು ಮೆಲ್ಲಗೆ ಮುಂದಕ್ಕೆಳೆದು ತಿರುಗಿಸಿದರು. ಬೆನ್ನ ಮೇಲೆ, ಕೌದಿಯ ಅಂಚಿನ ಕೆಳಗೆ, ಮಿಂಚಿನ ಗುರುತಿನ ಹಳದಿ ಚೀಟಿ ಅಂಟಿಸಿತ್ತು. ಸಂಗವ್ವ ಬಗ್ಗಿ ಓದಿದಳು. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು, ಹೊರಕವಚ ಬಿಚ್ಚಬೇಡಿ ಎಂದಿತ್ತು.

ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇದು ಹೇಗೆ ಬೇಯಿಸುತ್ತದೆ, ಹೇಳು" ಎಂದರು ಗುರುಗಳು, ಏನೂ ಆಗಿಲ್ಲವೆಂಬಂತೆ.

ಅವಳು ಈ ಸಲ ಯೋಚಿಸಿ ಹೇಳಿದಳು. "ಎರಡು ಥರ ಅಪ್ಪಾವರೇ. ಒಂದರಲ್ಲಿ ಕಣ್ಣಿಗೆ ಕಾಣದ ಅಲೆಗಳು ಪದಾರ್ಥದೊಳಗಿನ ನೀರನ್ನು ಕುಲುಕಿ ಬಿಸಿ ಮಾಡ್ತವೆ. ಇನ್ನೊಂದರಲ್ಲಿ ಕಾಯಿಲ್ ಕಾದು, ಫ್ಯಾನು ಆ ಬಿಸಿ ಗಾಳೀನ ಸುತ್ತ ತಿರುಗಿಸ್ತದೆ. ಬ್ರೆಡ್ಡಿಗೆ ಬೇಕಾದ್ದು ಎರಡನೇದು."

"ಅಷ್ಟು ಕಾದರೆ ಅದರ ಮೈಯೂ ಕಾಯುವುದಿಲ್ಲವೇ? ಆ ಸೆಕೆ ಎಲ್ಲಿಂದ ಹೊರಗೆ ಹೋಗಬೇಕು?"

"ಇಲ್ಲಿಂದ..." ಎಂದು ಬೆನ್ನಿನ ಜಾಲರಿ ತೋರಿಸಲು ಹೋದವಳು ಅಲ್ಲೇ ನಿಂತಳು.

ಜಾಲರಿಯ ಮೇಲೆ ಅವಳ ಕೌದಿ ಇಳಿಬಿದ್ದು ಅಂಟಿಕೊಂಡಿತ್ತು. ಅದರ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಸೀದ ಬಟ್ಟೆಯ ವಾಸನೆ.

"ಇನ್ನೊಂಚೂರು ಕಾದಿದ್ದರೆ ಹೊತ್ತಿಕೊಳ್ತಿತ್ತು" ಎಂದಳು ಸಣ್ಣ ದನಿಯಲ್ಲಿ. ಆಮೇಲೆ ಹೊಳೆಯಿತು. "ಸೆಕೆ ಹೊರಗೆ ಹೋಗದೆ ಮೈ ಅತಿಯಾಗಿ ಕಾಯ್ತು. ಅದಕ್ಕೇ ತಾನಾಗಿ ನಿಂತಿತು."

ಗುರುಗಳು ಕೌದಿಯನ್ನು ಎತ್ತಿ ಮಡಚಿದರು. "ಹೊಲಿಗೆ ಚೆನ್ನಾಗಿದೆ. ಈರಯ್ಯಜ್ಜನಿಗೆ ರಾತ್ರಿ ಹೊದೆಯಲು ಕೊಡು."

ಸಂಗವ್ವ ಓವನ್ನನ್ನು ಗೋಡೆಯಿಂದ ದೂರಕ್ಕೆ, ಗಾಳಿಯಾಡುವ ಕಡೆ ಇಟ್ಟಳು. ಜಾಲರಿಯ ಧೂಳನ್ನು ಒಣಬಟ್ಟೆಯಿಂದ ಒರೆಸಿದಳು.

"ಈಗ ಹಾಕಲಾ?"

"ಅದು ತಣ್ಣಗಾಗಲಿ. ನೀನು ಹಿಟ್ಟು ನಾದು."

ಹಿಟ್ಟು ನಾದಿ, ಅದು ಉಬ್ಬುವವರೆಗೆ ಕಾಯುವುದರಲ್ಲಿ ಮಧ್ಯಾಹ್ನ ಕಳೆಯಿತು. ನದಿಯ ಕಡೆಯಿಂದ ಗಾಳಿ ಬರುತ್ತಿತ್ತು. ಬಹಳ ದಿನಗಳ ಮೇಲೆ ಸಂಗವ್ವ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದಳು.

"ಅಪ್ಪಾವರೇ, ಇಷ್ಟಾದ ಮೇಲೂ ಸರಿಹೋಗದಿದ್ದರೆ?"

"ಅದನ್ನು ಬಿಚ್ಚಲು ಕಲಿತವರು ಊರಲ್ಲಿದ್ದಾರೆ. ಕರೆಸೋಣ."

ಪ್ಲಗ್ ಹಾಕಿ, ಮೊದಲು ಒಂದು ಗಾಜಿನ ಬಟ್ಟಲಲ್ಲಿ ನೀರಿಟ್ಟು ಮೈಕ್ರೋವೇವ್ ಗುಂಡಿ ಒತ್ತಿದಳು. ಕಿಡಿ ಇಲ್ಲ, ವಾಸನೆ ಇಲ್ಲ. ನೀರು ಬಿಸಿಯಾಯಿತು. ಆಮೇಲೆ ಹಿಟ್ಟನ್ನಿಟ್ಟು ಕನ್ವೆಕ್ಷನ್ ಒತ್ತಿದಳು. ಅಲ್ಲೇ ನಿಂತು, ಫ್ಯಾನಿನ ಸದ್ದಿಗೆ ಕಿವಿಗೊಟ್ಟಳು.

ಸದ್ದು ನಿಲ್ಲಲಿಲ್ಲ. ಬ್ರೆಡ್ಡು ಹೊನ್ನಿನ ಬಣ್ಣಕ್ಕೆ ತಿರುಗಿತು. ಅದರ ಪರಿಮಳ ಅಂಗಳದವರೆಗೆ ಹೋಯಿತು.

ಈರಯ್ಯಜ್ಜ ಹಾಲಿಗೆ ಅದ್ದಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೇ ಹೋಳಿಗೆ ಕೈ ಚಾಚಿದರು.

ಸಂಗವ್ವನ ಮುಖ ಅರಳಿತು. ಗುರುಗಳಿಗೂ ಒಂದು ಹೋಳು ಕೊಟ್ಟು ಕೇಳಿದಳು:

"ಅಪ್ಪಾವರೇ, ಮುಂದೆ ಯಾವತ್ತಾದರೂ ಅದು ಮತ್ತೆ ನಿಂತರೆ ನಾನು ಮೊದಲು ಏನು ಮಾಡಲಿ?"

ಗುರುಗಳು ಹೋಳನ್ನು ನಿಧಾನವಾಗಿ ಅಗಿದು ನುಂಗಿದರು.

"ನೀನೂ ನಿಲ್ಲು."