ಜಿಡ್ಡು ಹಿಡಿದ ಹಾಳೆ

“ಗುರುಗಳೇ, ಪಾಠ ಮಾಡುವವನು ನಾನು. ಪುಸ್ತಕ ಕೊಡುವವನು ಅವನು. ಪಾಠ ಹೀಗಿರಲಿ, ಹಾಗಿರಲಿ ಎನ್ನಲು ಅವನು ಯಾರು?” ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಕಾಲೇಜಿನಲ್ಲಿ ಗಣಿತದ ಅಧ್ಯಾಪಕ. ಗ್ರಂಥಪಾಲಕನ ಜೊತೆ ಕೂತು ಪಾಠ ರೂಪಿಸಬೇಕೆಂದು ಪ್ರಾಂಶುಪಾಲರು ಹೇಳಿದ್ದರು. ಆಗದು ಎಂದು ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡೇ, ತನಗೆ ಕಲಿಸಿದ ಗುರುಗಳ ಹತ್ತಿರ ಬಂದಿದ್ದ.

ಗುರುಗಳು ಪತ್ರ ಓದಿ, ಮಡಚಿಟ್ಟು, ಹೇಳತೊಡಗಿದರು:

“ನಾನು ಹುಡುಗನಾಗಿ ಓದಿದ ಮಠದಲ್ಲಿ ಒಬ್ಬ ಪಂಡಿತರಿದ್ದರು, ಒಬ್ಬ ಪುಸ್ತಕ ಭಂಡಾರಿ ಇದ್ದ. ಸಂಜೆ ಇಬ್ಬರೂ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂರುತ್ತಿದ್ದರು. ‘ಇವತ್ತು ಆರು ಹುಡುಗರು ಒಂದೇ ಲೆಕ್ಕ ಹಿಡಿದು ನನ್ನ ಮುಂದೆ ತಲೆ ಕೆರೆದುಕೊಂಡರು’ ಎಂದು ಭಂಡಾರಿ ಹೇಳುವನು. ಪಂಡಿತರು ಮರುದಿನ ಅದೇ ಪಾಠವನ್ನು ಬೇರೆ ದಾರಿಯಿಂದ ಹೇಳುವರು. ಆ ಜಗಲಿ ಈಗಿಲ್ಲ. ಆಗ ಕಲಿತದ್ದು ಮಾತ್ರ ಇನ್ನೂ ಉಳಿದಿದೆ.

“ಪಂಡಿತರಿಗೆ ಹೆಸರು ಬಂತು. ಹೆಸರಿನ ಹಿಂದೆಯೇ ಬಿಗುಮಾನವೂ ಬಂತು. ಒಂದು ಸಂಜೆ, ‘ಏನಯ್ಯಾ, ನನಗೇ ಪಾಠ ಹೇಳಿಕೊಡುತ್ತೀಯಾ? ಕೇಳಿದ ಪುಸ್ತಕ ಕೊಡು, ಸಾಕು. ಹುಡುಗರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಗೊತ್ತೇ?’ ಎಂದರು.

“‘ಪಂಡಿತರೇ, ಗಿರಾಕಿ ಮಾತಿಲ್ಲದೆ ಎದ್ದು ಹೋದರೆ ಮಾಲು ಒಪ್ಪಿತು ಅಂತಲ್ಲ’ ಎಂದ ಭಂಡಾರಿ. ಮರುದಿನದಿಂದ ಜಗಲಿಗೆ ಬರಲಿಲ್ಲ.

“ಸುಗ್ಗಿಯಲ್ಲಿ ಮಠದ ಸ್ವಾಮಿಗಳು ನಮ್ಮನ್ನು ಪರೀಕ್ಷಿಸಲು ಕೂತರು. ರಾಶಿ ಅಳೆಯುವ ಸೂತ್ರವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆವು. ಸ್ವಾಮಿಗಳು ಕಣದಲ್ಲಿದ್ದ ಜೋಳದ ರಾಶಿ ತೋರಿಸಿ, ‘ಇದೆಷ್ಟು ಚೀಲ ಆದೀತು, ಹೇಳಿ’ ಎಂದರು. ಎಲ್ಲಿಂದ ಅಳೆಯಬೇಕೆಂದು ಒಬ್ಬನಿಗೂ ತಿಳಿಯಲಿಲ್ಲ. ಚೀಲ ತುಂಬಲು ಬಂದಿದ್ದ ಹಮಾಲ ಕಣ್ಣಳತೆಯಲ್ಲೇ ಹೇಳಿಬಿಟ್ಟ. ಪಂಡಿತರು ತಲೆ ಎತ್ತಲಿಲ್ಲ.

“ನೇರ ಭಂಡಾರಕ್ಕೆ ಹೋದರು. ಭಂಡಾರಿ ಗಣಿತದ ಪುಸ್ತಕ ಮುಂದಿಟ್ಟ. ಇಡೀ ಪುಸ್ತಕ ಹೊಸದರಂತಿತ್ತು. ರಾಶಿಯ ಲೆಕ್ಕದ ಹಾಳೆಯೊಂದೇ ಬೆರಳಿನ ಜಿಡ್ಡು ಹತ್ತಿ ಕಪ್ಪಾಗಿತ್ತು.”

ಅಡಿವೆಪ್ಪ ನಕ್ಕ. “ನೀವೆಲ್ಲ ಅಂಜಿದ್ದಿರಿ, ಗುರುಗಳೇ. ನನ್ನ ಹುಡುಗರು ಹಾಗಲ್ಲ. ತಿಳಿಯದಿದ್ದರೆ ನನ್ನನ್ನೇ ಕೇಳುತ್ತಾರೆ.”

ಗುರುಗಳು ಪತ್ರವನ್ನು ಅವನ ಕೈಗೆ ಮರಳಿಸಿ ಕೇಳಿದರು: “ನನ್ನ ಹತ್ತಿರ ಏಳು ವರ್ಷ ಓದಿದೆಯಲ್ಲ, ತಿಳಿಯಲಿಲ್ಲ ಎಂದು ನನಗೆ ಎಂದಾದರೂ ಹೇಳಿದ್ದೀಯಾ?”