ಹೆಬ್ಬಾತು ಟೀಚರಮ್ಮನ ಹಾರ

ಕೆರೆಯ ಶಾಲೆಯ ಹೆಡ್‌ಮಿಸ್ ನೀರುಕೋಳಿ, ಮರಿಗಳಿಗೆ ಎತ್ತರದ ಹಾರಾಟ ಕಲಿಸಲೆಂದು ಹಿಮಾಲಯದಾಚೆಯಿಂದ ಹೆಬ್ಬಾತನ್ನು ಕರೆಸಿದ್ದಳು. ಟೀಚರಮ್ಮನಿಗೆಂದೇ ಬೇರೆ ನಡುಗಡ್ಡೆ, ಬೇರೆ ಊಟ, ದಿನಾ ಬೆಳಿಗ್ಗೆ ತಾವರೆ ಹಾರ. ಆದರೂ ವರ್ಷ ತುಂಬುತ್ತಲೇ ಹೆಬ್ಬಾತು ಹೊರಡಲು ರೆಕ್ಕೆ ಬಿಚ್ಚಿದಳು. ಹಿಂದಿನ ಟೀಚರೂ ಹೀಗೇ ಹೋಗಿದ್ದಳು. ಈ ಸಲ ಏನಾದರಾಗಲಿ ಬಿಡುವುದಿಲ್ಲವೆಂದು ನೀರುಕೋಳಿ ಅಡ್ಡ ನಿಂತಳು.

“ನಿಮಗೇನು ಕಡಿಮೆ ಮಾಡಿದೆವು, ಟೀಚರಮ್ಮ? ನಾಳೆಯಿಂದ ಎರಡು ಹಾರ ಹಾಕಿಸುತ್ತೇನೆ.”

“ಹಾರ ಸಾಕು ತಾಯಿ. ವರ್ಷವಾದರೂ ನಾನಿನ್ನೂ ನಿಮಗೆ ಮನೆಗೆ ಬಂದ ನೆಂಟರ ಹಾಗೇ. ನೆಂಟರು ಎಷ್ಟು ದಿನ ಇದ್ದಾರು?”

ನೀರುಕೋಳಿಗೆ ಮುಖಕ್ಕೆ ಹೊಡೆದಂತಾಯಿತು. ತಂದಿದ್ದ ಹಾರವನ್ನು ನೀರಿಗೆಸೆದು ಗದರಿದಳು: “ಮತ್ತೆ ಸುಮ್ಮನೆ ಏಕೆ ನಿಂತಿದ್ದೀಯೆ? ಅಲ್ಲಿ ನಮ್ಮ ಗೂಡು ಕುಸಿಯುತ್ತಿದೆ. ಜೊಂಡು ತಗೊಂಡು ಬಾ!”

ಹೆಬ್ಬಾತು ರೆಕ್ಕೆ ಮಡಚಿ, ಕೊಕ್ಕಿನ ತುಂಬ ಜೊಂಡು ಕಚ್ಚಿಕೊಂಡು ಅವಳ ಹಿಂದೆಯೇ ಈಜಿದಳು.